ದೂರ ಬರೆಯಿರಿ, ಆದರೆ ಯಾವ ದೂರ ಅಂತಲೂ ಬರೆಯಿರಿ

ಮಾನ್ಯ ಸಂಪಾದಕರೇ,

ಎಲ್ಲಾದರೂ ಹೊಸದಾಗಿ ವಿಮಾನ ನಿಲ್ದಾಣ ಶುರುವಾದರೆ ನಿಮ್ಮ ಪತ್ರಿಕೆಯಲ್ಲಿ ಸುದ್ದಿಯ ಪಕ್ಕದಲ್ಲೇ ಒಂದು ಚೌಕಟ್ಟು ಬರುತ್ತದೆ. ಇಲ್ಲಿಂದ ಅಲ್ಲಿಗೆ ಇಷ್ಟು ಕಿಲೋಮೀಟರ್, ಇಷ್ಟು ಗಂಟೆ, ಅಷ್ಟೇ. ಓದೋಕೆ ಚೆನ್ನಾಗಿರುತ್ತದೆ. ಜನ ಅದನ್ನು ನಂಬುತ್ತಾರೆ. ನಾನೂ ನಂಬಿದ್ದೆ. ಅದಕ್ಕೇ ಈ ಪತ್ರ ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಅಪ್ಪ ಅಂಥ ಒಂದು ಚೌಕಟ್ಟನ್ನು ಕತ್ತರಿಸಿ ಇಟ್ಟುಕೊಂಡಿದ್ದರು. ನಾನಿರುವ ಕಡೆಯಿಂದ ಅವರಿರುವ ಕಡೆಗೆ 870 ಕಿ.ಮೀ., ಪ್ರಯಾಣದ ಸಮಯ 1 ಗಂಟೆ 35 ನಿಮಿಷ ಅಂತ ಅದರಲ್ಲಿತ್ತು. ಎರಡೂ ಸಣ್ಣ ನಿಲ್ದಾಣಗಳು. ಆ ಸಮಯದ ಕೆಳಗೆ ನೀಲಿ ಪೆನ್ನಿನಲ್ಲಿ ಎರಡು ಗೆರೆ ಎಳೆದಿದ್ದರು. ಅವರ ಕಣ್ಣಿನ ಆಪರೇಷನ್ ದಿನ ಗೊತ್ತಾದಾಗ ಫೋನ್ ಮಾಡಿ, "ಹನ್ನೆರಡು ಗಂಟೆಗೆ ಇಟ್ಕೊಳ್ಳೋದಾ ಅಂತ ಕೇಳ್ತಿದ್ದಾರೆ, ನೀನು ಬೆಳಿಗ್ಗೆ ಹೊರಟರೂ ಬಂದುಬಿಡ್ತೀಯ ಅಲ್ವಾ" ಅಂದರು. ನಾನೂ ಅದೇ ಲೆಕ್ಕ ಹಾಕಿದೆ. ಬೆಳಿಗ್ಗೆ ಎಂಟಕ್ಕೆ ವಿಮಾನ ಹತ್ತಿದರೆ ಒಂಬತ್ತೂವರೆ, ಅಲ್ಲಿಂದ ಮನೆಗೆ ಒಂದು ಗಂಟೆ, ಹನ್ನೊಂದಕ್ಕೆಲ್ಲ ಪಕ್ಕದಲ್ಲಿರ್ತೀನಿ ಅಂತ ಮಾತು ಕೊಟ್ಟೆ. ಹಿಂದಿನ ರಾತ್ರಿ ಟಿಕೆಟ್ ಮಾಡೋಕೆ ಕೂತಾಗಲೇ ಗೊತ್ತಾಗಿದ್ದು, ಈ ಎರಡು ನಿಲ್ದಾಣಗಳ ನಡುವೆ ನೇರ ವಿಮಾನವೇ ಇಲ್ಲ ಅಂತ. ಚೌಕಟ್ಟಿನಲ್ಲಿದ್ದ ಸಮಯ ಯಾವ ವಿಮಾನದ್ದೂ ಆಗಿರಲಿಲ್ಲ. ಅದು ಬರೀ ಒಂದು ಭಾಗಾಕಾರ.

ಆ ಭಾಗಾಕಾರ ಹೇಗೆ ಮಾಡುತ್ತಾರೆ ಅಂತ ಆಮೇಲೆ ಕೂತು ತಿಳಿದುಕೊಂಡೆ. ಎರಡು ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಕೊಟ್ಟರೆ ಯಾವ ಕಂಪ್ಯೂಟರ್ ಬೇಕಾದರೂ ನೇರ ದೂರ ಹೇಳುತ್ತದೆ. ಭೂಮಿಯನ್ನು 6,371 ಕಿ.ಮೀ. ತ್ರಿಜ್ಯದ ಗುಂಡು ಅಂತ ಇಟ್ಟುಕೊಂಡು ಅದರ ಮೈಮೇಲೆ ಅತಿ ಕಡಿಮೆ ದೂರ ಎಷ್ಟು ಅಂತ ಲೆಕ್ಕ ಹಾಕುವುದು. ಆ ದೂರವನ್ನು ಗಂಟೆಗೆ 800 ಕಿ.ಮೀ. ವೇಗದಿಂದ ಭಾಗಿಸಿ, ಏರೋದಕ್ಕೆ ಇಳಿಯೋದಕ್ಕೆ ಅಂತ ಅರ್ಧ ಗಂಟೆ ಸೇರಿಸಿದರೆ 'ಪ್ರಯಾಣದ ಸಮಯ' ರೆಡಿ. 870ನ್ನು ಹಾಗೆ ಮಾಡಿ ನೋಡಿ, ಸರಿಯಾಗಿ 1 ಗಂಟೆ 35 ನಿಮಿಷ ಬರುತ್ತದೆ. ವಿಮಾನ ಇದೆಯೋ ಇಲ್ಲವೋ ಅನ್ನುವುದು ಈ ಲೆಕ್ಕಕ್ಕೆ ಬೇಕಾಗಿಲ್ಲ. ವಿಮಾನ ಯಾವ ತರಹದ್ದು ಅನ್ನುವುದೂ ಬೇಕಾಗಿಲ್ಲ.

ನೇರ ದೂರದ ಲೆಕ್ಕ ತಪ್ಪು ಅಂತ ನಾನು ಹೇಳುತ್ತಿಲ್ಲ. ಅದು ತುಂಬ ಚೆಂದದ ಲೆಕ್ಕ. ಮಕ್ಕಳ ಗ್ಲೋಬ್ ಇದ್ದರೆ ಒಂದು ನೂಲು ತೆಗೆದುಕೊಂಡು ನ್ಯೂಯಾರ್ಕ್‌ನಿಂದ ಮ್ಯಾಡ್ರಿಡ್‌ಗೆ ಬಿಗಿಯಾಗಿ ಎಳೆದು ನೋಡಿ. ಎರಡೂ ಹೆಚ್ಚು ಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಗೋಡೆಯ ಭೂಪಟದಲ್ಲಿ ಅಡ್ಡಕ್ಕೆ ಗೆರೆ ಎಳೆದರೆ ಮುಗಿಯಿತು ಅನ್ನಿಸುತ್ತದೆ. ಆದರೆ ನೂಲು ತಾನಾಗಿ ಉತ್ತರಕ್ಕೆ ಜಾರುತ್ತದೆ. ಅಕ್ಷಾಂಶದ ಗೆರೆ ಹಿಡಿದು ಹೋದರೆ ಸುಮಾರು 5,940 ಕಿ.ಮೀ., ನೂಲಿನ ದಾರಿಯಲ್ಲಿ ಸುಮಾರು 5,760. ನಾವು ಚಿಕ್ಕಂದಿನಿಂದ ನೋಡುವ ಬಹಳಷ್ಟು ಭೂಪಟಗಳು 1569ರಲ್ಲಿ ಮರ್ಕೇಟರ್ ಮಾಡಿದ ಭೂಪಟದ ಜಾಡಿನವು. ಅವುಗಳಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟು ದೊಡ್ಡದಾಗಿ ಕಾಣುತ್ತದೆ. ನಿಜದಲ್ಲಿ ಆಫ್ರಿಕಾ ಅದರ 14 ಪಟ್ಟು ದೊಡ್ಡದು. ಹಡಗಿನವರಿಗೆ ದಿಕ್ಕು ಹಿಡಿಯೋಕೆ ಆ ಭೂಪಟ ಬಹಳ ಒಳ್ಳೆಯದು, ದೂರ ಅಳೆಯೋಕೆ ಮಾತ್ರ ನಂಬಬಾರದು. 2021ರ ಜನವರಿಯಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳೇ ಉತ್ತರ ಧ್ರುವದ ಮೇಲಿಂದ ವಿಮಾನ ತಂದಾಗ ಎಲ್ಲ ಪತ್ರಿಕೆಗಳೂ ಬರೆದಿದ್ದವು. ಅಷ್ಟು ಮೇಲೆ ಯಾಕೆ ಹೋದರು ಅಂತ ಆಗ ಎಷ್ಟೋ ಜನ ಕೇಳಿದರು. ಗ್ಲೋಬ್ ಮೇಲೆ ನೂಲು ಎಳೆದರೆ ಅದೇ ಉತ್ತರ ಹೇಳುತ್ತದೆ. ಆ ಎರಡು ನಿಲ್ದಾಣಗಳ ನೇರ ದೂರ ಸುಮಾರು 14,000 ಕಿ.ಮೀ., ಆ ಗೆರೆ ಹೋಗುವುದೇ ಧ್ರುವದ ಕಡೆಯಿಂದ.

ಆದರೆ ವಿಮಾನ ನೂಲಿನ ಮೇಲೆ ಹಾರಲ್ಲ. ನನ್ನ ತಕರಾರು ಶುರುವಾಗುವುದು ಇಲ್ಲಿಂದ.

ಟಿಬೆಟ್ ಪ್ರಸ್ಥಭೂಮಿಯನ್ನೇ ತೆಗೆದುಕೊಳ್ಳಿ. ಅದರ ಆ ಕಡೆ ಈ ಕಡೆ ಇರುವ ಎಷ್ಟೋ ಊರುಗಳ ನಡುವೆ ನೇರ ಗೆರೆ ಎಳೆದರೆ ಅದರ ಮೇಲೇ ಹೋಗುತ್ತದೆ, ವಿಮಾನಗಳು ಮಾತ್ರ ಆದಷ್ಟು ಸುತ್ತಿಕೊಂಡೇ ಹೋಗುತ್ತವೆ. ಕಾರಣ ಉಸಿರು. ಕ್ಯಾಬಿನ್ನಿನ ಒತ್ತಡ ಹೋದರೆ ತಲೆ ಮೇಲಿಂದ ಮಾಸ್ಕ್ ಬೀಳುತ್ತದಲ್ಲ, ಅದರಲ್ಲಿ ಪ್ರಯಾಣಿಕರಿಗೆ ಸಾಮಾನ್ಯವಾಗಿ ಸಿಗುವುದು ಸುಮಾರು ಕಾಲು ಗಂಟೆಯ ಆಮ್ಲಜನಕ. ಅಷ್ಟರೊಳಗೆ ಪೈಲಟ್ ವಿಮಾನವನ್ನು 10,000 ಅಡಿಗೆ ಇಳಿಸಬೇಕು. ಟಿಬೆಟ್‌ನ ನೆಲವೇ ಸರಾಸರಿ 4,500 ಮೀಟರ್, ಅಂದರೆ ಹತ್ತಿರ ಹತ್ತಿರ 15,000 ಅಡಿ ಮೇಲಿದೆ. ಇಳಿಯೋಕೆ ಜಾಗವೇ ಇಲ್ಲ. ಹೆಚ್ಚಿನ ಆಮ್ಲಜನಕ ಹೊತ್ತ ವಿಮಾನಗಳು, ಬೇರೆ ತಯಾರಿ ಇರುವವರು ಹೋಗುತ್ತಾರೆ. ಉಳಿದವರು ಸುತ್ತು ಹಾಕುತ್ತಾರೆ.

ಬೆಟ್ಟ ಒಂದು ಕಡೆ, ದೇಶಗಳ ಜಗಳ ಇನ್ನೊಂದು ಕಡೆ. 2022ರ ಫೆಬ್ರುವರಿಯಲ್ಲಿ ಉಕ್ರೇನ್ ಯುದ್ಧ ಜೋರಾದ ಮೇಲೆ ಯುರೋಪಿನ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿಹೋಯಿತು. ಹೆಲ್ಸಿಂಕಿ ಮತ್ತು ಟೋಕಿಯೊ ನಡುವಿನ ನೇರ ದೂರ ಸುಮಾರು 7,800 ಕಿ.ಮೀ. ಮುಂಚೆ ಅದಕ್ಕೆ ಒಂಬತ್ತೂವರೆ ಗಂಟೆ ಸಾಕಿತ್ತು. ಆಮೇಲೆ ಹದಿಮೂರು ಗಂಟೆ ಆಯಿತು. ಎರಡು ಊರುಗಳೂ ಇದ್ದಲ್ಲೇ ಇವೆ, ಭೂಮಿ ಹಿಗ್ಗಿಲ್ಲ, ದೂರದ ಲೆಕ್ಕ ಹಾಕುವ ಕಂಪ್ಯೂಟರ್‌ಗೆ ಕೇಳಿದರೆ ಇವತ್ತೂ ಅದೇ ಹಳೇ ಸಂಖ್ಯೆ ಕೊಡುತ್ತದೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ನಮ್ಮ ವಿಮಾನಗಳಿಗೆ ಆಕಾಶ ಮುಚ್ಚಿದಾಗಲೂ ಹೀಗೇ ಆಯಿತು. ದೆಹಲಿಯಿಂದ ಪಶ್ಚಿಮಕ್ಕೆ ಹೋಗುವವರು ಸುತ್ತು ಹಾಕಬೇಕಾಯಿತು. ತಾಷ್ಕೆಂಟ್, ಅಲ್ಮಾಟಿಗೆ ಹೋಗುತ್ತಿದ್ದ ಇಂಡಿಗೊ ವಿಮಾನಗಳು ಆ ಸುತ್ತು ಹಾಕಿ ತಲುಪಲಾಗದೆ ನಿಂತೇಹೋದವು.

ಇನ್ನು ಗಾಳಿ. ಇದನ್ನು ಯಾಕೆ ಯಾರೂ ಹೇಳುವುದಿಲ್ಲವೋ ನನಗೆ ಗೊತ್ತಿಲ್ಲ. ಒಂಬತ್ತರಿಂದ ಹನ್ನೆರಡು ಕಿ.ಮೀ. ಎತ್ತರದಲ್ಲಿ, ಅಂದರೆ ಜೆಟ್ ವಿಮಾನಗಳು ಹಾರುವ ಎತ್ತರದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಬಿರುಸಾದ ಗಾಳಿಯ ಹೊಳೆ ಹರಿಯುತ್ತದೆ. ಜೆಟ್ ಸ್ಟ್ರೀಮ್ ಅನ್ನುತ್ತಾರೆ. ಕೆಲವೊಮ್ಮೆ ಗಂಟೆಗೆ 300 ಕಿ.ಮೀ. ದಾಟುತ್ತದೆ. 2020ರ ಫೆಬ್ರುವರಿಯಲ್ಲಿ ಬಿರುಗಾಳಿ ಎದ್ದಿದ್ದಾಗ ಬ್ರಿಟಿಷ್ ಏರ್‌ವೇಸ್‌ನ ಒಂದು ವಿಮಾನ ನ್ಯೂಯಾರ್ಕ್‌ನಿಂದ ಲಂಡನ್‌ಗೆ 4 ಗಂಟೆ 56 ನಿಮಿಷದಲ್ಲಿ ಹೋಗಿಬಿಟ್ಟಿತು. ಸಾಮಾನ್ಯವಾಗಿ ಆ ದಾರಿಗೆ ಆರೂವರೆ ಗಂಟೆ ಬೇಕು. ವಾಪಸ್ ಬರುವಾಗ ಅದೇ ಗಾಳಿ ಎದುರಿಗೆ ಬರುವುದರಿಂದ ಏಳೂವರೆ, ಎಂಟು ಗಂಟೆಯೂ ಆಗುತ್ತದೆ. ಹಾಗಾದರೆ ಚೌಕಟ್ಟಿನಲ್ಲಿ ಒಂದೇ ಸಮಯ ಬರೆದರೆ ಅದು ಹೋಗೋದರದ್ದೋ ಬರೋದರದ್ದೋ? ಚಳಿಗಾಲದ್ದೋ ಬೇಸಿಗೆಯದ್ದೋ? ವಿಮಾನ ಕಂಪನಿಗಳ ವೇಳಾಪಟ್ಟಿಯೇ ವರ್ಷಕ್ಕೆ ಎರಡು ಸಲ, ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಬದಲಾಗುತ್ತದೆ. ಹೋಗೋದಕ್ಕೂ ಬರೋದಕ್ಕೂ ಬೇರೆ ಬೇರೆ ಸಮಯ ಅದರಲ್ಲಿ ಮೊದಲೇ ಇರುತ್ತದೆ. ನೀವು ಅದನ್ನು ನೋಡಿ ಬರೆದರೂ ಸಾಕಿತ್ತು.

ಸಣ್ಣ ನಿಲ್ದಾಣಗಳ ವಿಷಯದಲ್ಲಿ ಈ 800 ಕಿ.ಮೀ. ವೇಗದ ಲೆಕ್ಕ ಇನ್ನೂ ಜಾಸ್ತಿ ದಾರಿ ತಪ್ಪಿಸುತ್ತದೆ. ಅಲ್ಲಿಗೆ ಬರುವುದು ಬಹುಪಾಲು ಎಟಿಆರ್ ತರಹದ, ರೆಕ್ಕೆಗೆ ಫ್ಯಾನ್ ಇರುವ ವಿಮಾನಗಳು. ಎಟಿಆರ್ 72ರ ವೇಗ ಹೆಚ್ಚೆಂದರೆ ಗಂಟೆಗೆ 500 ಕಿ.ಮೀ. ಆಸುಪಾಸು. ಅದೇನು ಕೆಟ್ಟ ವಿಮಾನ ಅಲ್ಲ. ಚಿಕ್ಕ ರನ್‌ವೇಯಲ್ಲಿ ಇಳಿಯುತ್ತದೆ, ಇಂಧನ ಕಡಿಮೆ ಕುಡಿಯುತ್ತದೆ, ಅದಿಲ್ಲದಿದ್ದರೆ ಎಷ್ಟೋ ಊರುಗಳಿಗೆ ವಿಮಾನವೇ ಬರುತ್ತಿರಲಿಲ್ಲ. ಆದರೆ ಅದನ್ನು ಜೆಟ್ ಅಂತ ಲೆಕ್ಕ ಹಿಡಿದರೆ ಹೇಗೆ? ಜೆಟ್ ಬಂದರೂ ಹತ್ತಿರದ ಊರಿಗೆ ಅದು ಪೂರ್ತಿ ವೇಗ ಹಿಡಿಯುವ ಹೊತ್ತಿಗೆ ಇಳಿಯುವ ಸಮಯ ಬಂದಿರುತ್ತದೆ. 10,000 ಅಡಿಗಿಂತ ಕೆಳಗೆ ಬಹಳಷ್ಟು ಕಡೆ 250 ನಾಟ್ ವೇಗದ ಮಿತಿ ಇದೆ. ಒಂದು ನಾಟ್ ಅಂದರೆ ಗಂಟೆಗೆ 1.852 ಕಿ.ಮೀ., ಹಾಗಾಗಿ 250 ನಾಟ್ ಅಂದರೆ ಗಂಟೆಗೆ ಸುಮಾರು 463 ಕಿ.ಮೀ. ಅದಕ್ಕೇ 300 ಕಿ.ಮೀ.ಗೆ ಒಂದು ಗಂಟೆ ಹಿಡಿದರೆ 3,000 ಕಿ.ಮೀ.ಗೆ ಹತ್ತು ಗಂಟೆ ಹಿಡಿಯಲ್ಲ, ನಾಲ್ಕು ಗಂಟೆಯಲ್ಲೇ ಮುಗಿಯುತ್ತದೆ.

ಟಿಕೆಟ್‌ನಲ್ಲಿ ಇರುವ ಸಮಯವೂ ಹಾರಾಟದ ಸಮಯ ಅಲ್ಲ ಅಂತ ಎಷ್ಟು ಜನರಿಗೆ ಗೊತ್ತು? ಚಕ್ರಕ್ಕೆ ಕೊಟ್ಟ ಅಡ್ಡಕಟ್ಟೆ ತೆಗೆದ ಕ್ಷಣದಿಂದ ಆ ಕಡೆ ಹೋಗಿ ನಿಂತು ಮತ್ತೆ ಅಡ್ಡಕಟ್ಟೆ ಕೊಡುವ ತನಕ ಲೆಕ್ಕ. ಬ್ಲಾಕ್ ಟೈಮ್ ಅಂತ ಕರೆಯುತ್ತಾರೆ. ರನ್‌ವೇ ತನಕ ಉರುಳುವುದು, ಸರದಿಯಲ್ಲಿ ಕಾಯುವುದು, ಸ್ವಲ್ಪ ತಡವಾದರೂ ಇರಲಿ ಅಂತ ಕಂಪನಿ ಸೇರಿಸಿಟ್ಟ ಹೆಚ್ಚುವರಿ ನಿಮಿಷಗಳು, ಎಲ್ಲ ಅದರಲ್ಲಿ ಇರುತ್ತವೆ. ಪ್ರಯಾಣಿಕನಿಗೆ ಬೇಕಾದ ಸಮಯಕ್ಕೆ ಇದು ಹೆಚ್ಚು ಹತ್ತಿರ. ಆದರೂ ಪೂರ್ತಿ ಅಲ್ಲ.

ಪೂರ್ತಿ ಸಮಯ ಎಷ್ಟು ಅಂತ ನನ್ನ ಆ ದಿನವನ್ನೇ ಹೇಳುತ್ತೇನೆ. ಬೆಳಿಗ್ಗೆ 5:30ಕ್ಕೆ ಮನೆ ಬಿಟ್ಟೆ. 6:20ಕ್ಕೆ ನಿಲ್ದಾಣ. 7:50ಕ್ಕೆ ಸಣ್ಣ ವಿಮಾನ ಹೊರಟಿತು, 430 ಕಿ.ಮೀ. ದೂರದ ದೊಡ್ಡ ನಿಲ್ದಾಣಕ್ಕೆ. ಕಿಟಕಿ ಪಕ್ಕ ಕೂತಿದ್ದೆ. ಫೋನಿನಲ್ಲಿ ಮೊದಲೇ ಇಳಿಸಿಕೊಂಡಿದ್ದ ಮ್ಯಾಪ್ ತೆರೆದು ನೋಡಿದರೆ ನೀಲಿ ಚುಕ್ಕಿ ಅಪ್ಪ ಇರುವ ಕಡೆಯಿಂದ ದೂರ ದೂರ ಸರಿಯುತ್ತಿತ್ತು. ಹೊರಟಾಗ 870 ಇದ್ದದ್ದು, ದೊಡ್ಡ ನಿಲ್ದಾಣದಲ್ಲಿ ಇಳಿಯುವಾಗ 1,040 ಆಗಿತ್ತು. ಒಂದೂಕಾಲು ಗಂಟೆ ಹಾರಿ ನಾನು ಅವರಿಂದ ಇನ್ನೂ 170 ಕಿ.ಮೀ. ದೂರ ಹೋಗಿದ್ದೆ. ಆ ಚುಕ್ಕಿ ನೋಡುತ್ತಾ ಕೂತಿದ್ದಾಗ ಆದ ಸಂಕಟ ಇವತ್ತಿಗೂ ಮರೆತಿಲ್ಲ. 9:05ಕ್ಕೆ ಇಳಿದು, ಮುಂದಿನ ವಿಮಾನಕ್ಕೆ 12:55ರ ತನಕ ಕಾದೆ. ಅಪ್ಪನನ್ನು ಒಳಗೆ ಕರೆದುಕೊಂಡು ಹೋದಾಗ ನಾನು ಗೇಟಿನ ಮುಂದಿನ ಕುರ್ಚಿಯಲ್ಲಿ ಕೂತಿದ್ದೆ. 2:50ಕ್ಕೆ ಅವರೂರಿನ ನಿಲ್ದಾಣ, 3:15ಕ್ಕೆ ಬ್ಯಾಗ್ ಕೈಗೆ ಬಂತು, 4:25ಕ್ಕೆ ಬಾಗಿಲು. ಒಟ್ಟು 10 ಗಂಟೆ 55 ನಿಮಿಷ. ಒಂದೂ ವಿಮಾನ ತಡ ಆಗಿರಲಿಲ್ಲ. ಎಲ್ಲ ಸರಿಯಾಗಿ ನಡೆದ ದಿನದ ಲೆಕ್ಕ ಇದು.

ವಿಮಾನ ಕಂಪನಿಯ ಮೇಲೆ ನನಗೆ ಸಿಟ್ಟಿಲ್ಲ. ಎರಡು ಸಣ್ಣ ಊರುಗಳ ನಡುವೆ ದಿನಾ ಒಂದು ವಿಮಾನ ತುಂಬುವಷ್ಟು ಜನ ಇರಲ್ಲ. ಅದಕ್ಕೇ ಎಲ್ಲರನ್ನೂ ಒಂದು ದೊಡ್ಡ ನಿಲ್ದಾಣಕ್ಕೆ ತಂದು, ಅಲ್ಲಿಂದ ಹಂಚುತ್ತಾರೆ. ಅಮೆರಿಕದಲ್ಲಿ 1978ರಲ್ಲಿ ಸರ್ಕಾರ ವಿಮಾನ ಮಾರ್ಗಗಳ ಮೇಲಿನ ಹಿಡಿತ ಬಿಟ್ಟ ಮೇಲೆ ಈ ಪದ್ಧತಿ ಬಲವಾಗಿ ಬೆಳೆಯಿತು, ಈಗ ಎಲ್ಲ ಕಡೆ ಇದೆ. ಹತ್ತು ಸಣ್ಣ ಊರುಗಳನ್ನು ಒಂದಕ್ಕೊಂದು ನೇರ ಜೋಡಿಸಬೇಕು ಅಂದರೆ 45 ಮಾರ್ಗ ಬೇಕು. ಮಧ್ಯೆ ಒಂದು ದೊಡ್ಡ ನಿಲ್ದಾಣ ಇಟ್ಟರೆ ಹತ್ತೇ ಸಾಕು. ಲೆಕ್ಕ ಸರಿಯೇ ಇದೆ. ಅದರಿಂದಲೇ ಹೆಚ್ಚು ಊರುಗಳಿಗೆ ವಿಮಾನ ಸಿಕ್ಕಿದೆ ಅನ್ನುವುದನ್ನೂ ಒಪ್ಪುತ್ತೇನೆ. ಆದರೆ ಆ 45 ಜೋಡಿಗಳಲ್ಲಿ ಯಾವುದಕ್ಕೂ ಚೌಕಟ್ಟಿನ ಸಮಯ ಅನ್ವಯಿಸುವುದಿಲ್ಲ. ಹಾಗಿದ್ದ ಮೇಲೆ ಅದನ್ನು ಪ್ರಯಾಣದ ಸಮಯ ಅಂತ ಯಾಕೆ ಬರೆಯಬೇಕು?

ನಿಲ್ದಾಣದ ಹೆಸರಿನಲ್ಲೂ ಹೀಗೆ ಆಗುತ್ತದೆ. ಜರ್ಮನಿಯಲ್ಲಿ ಫ್ರಾಂಕ್‌ಫರ್ಟ್-ಹಾನ್ ಅಂತ ಒಂದು ನಿಲ್ದಾಣ ಇದೆ, ಫ್ರಾಂಕ್‌ಫರ್ಟ್ ನಗರದಿಂದ ಅದು ಸುಮಾರು 120 ಕಿ.ಮೀ. ದೂರ. ಪ್ಯಾರಿಸ್‌ನ ಹೆಸರು ಹೊತ್ತ ಬೋವೇ ನಿಲ್ದಾಣ ನಗರದಿಂದ 80 ಕಿ.ಮೀ.ಗೂ ಜಾಸ್ತಿ. ನಿಲ್ದಾಣದಿಂದ ನಿಲ್ದಾಣಕ್ಕೆ ಎಷ್ಟೇ ನಿಖರವಾಗಿ ಅಳೆದರೂ ಆ ರಸ್ತೆ ಲೆಕ್ಕಕ್ಕೆ ಬರುವುದಿಲ್ಲ.

ಗಡಿಯಾರದ ವಿಷಯ ಒಂದೇ ಮಾತಿನಲ್ಲಿ ಹೇಳಿಬಿಡುತ್ತೇನೆ. ಟಿಕೆಟ್‌ನಲ್ಲಿ ಹೊರಡುವ ಸಮಯ ಹೊರಡುವ ಊರಿನದ್ದು, ತಲುಪುವ ಸಮಯ ತಲುಪುವ ಊರಿನದ್ದು. ರಷ್ಯಾದಲ್ಲಿ 11 ಕಾಲವಲಯಗಳಿವೆ. ವ್ಲಾಡಿವಾಸ್ಟಾಕ್‌ನಿಂದ ಮಧ್ಯಾಹ್ನ ಒಂದಕ್ಕೆ ಹೊರಟು ಒಂಬತ್ತು ಗಂಟೆ ಹಾರಿದರೆ, ಏಳು ಗಂಟೆ ಹಿಂದಿರುವ ಮಾಸ್ಕೋದಲ್ಲಿ ಅದೇ ಮಧ್ಯಾಹ್ನ ಮೂರಕ್ಕೆ ಇಳಿಯಬಹುದು. ಎರಡು ಸಮಯಗಳನ್ನು ಸುಮ್ನೆ ಕಳೆದು ಎರಡೇ ಗಂಟೆ ಪ್ರಯಾಣ ಅಂತ ಬರೆದ ವರದಿಯನ್ನೂ ನಾನು ನೋಡಿದ್ದೇನೆ. ನಿಮ್ಮಲ್ಲಿ ಅಲ್ಲ, ಬೇರೆ ಕಡೆ.

ಸ್ಕಾಟ್ಲೆಂಡ್‌ನ ಉತ್ತರಕ್ಕೆ ಆರ್ಕ್ನಿ ದ್ವೀಪಗಳಿವೆ. ಅಲ್ಲಿ ವೆಸ್ಟ್ರೆ, ಪಾಪಾ ವೆಸ್ಟ್ರೆ ಅನ್ನುವ ಎರಡು ಪುಟ್ಟ ದ್ವೀಪಗಳ ನಡುವೆ ಪುಟ್ಟ ವಿಮಾನ ಓಡಾಡುತ್ತದೆ. ದೂರ 2.7 ಕಿ.ಮೀ., ವೇಳಾಪಟ್ಟಿಯಲ್ಲಿ 2 ನಿಮಿಷ. ಗಾಳಿ ಚೆನ್ನಾಗಿದ್ದರೆ ಒಂದು ನಿಮಿಷವೂ ಬೇಡ. ಜಗತ್ತಿನ ಅತಿ ಚಿಕ್ಕ ವಿಮಾನ ಮಾರ್ಗ ಅದು. ದೂರ, ಸಮಯ, ವಿಮಾನ ಮೂರೂ ಒಂದಕ್ಕೊಂದು ಹೊಂದುವ ಇಂಥ ಜಾಗ ನನಗೆ ಬಹಳ ಇಷ್ಟ. ನಮ್ಮ ಪಾಲಿಗೆ ಇರುವುದು ಬೇರೆ ತರಹದ ಜಾಗಗಳು, ಅಲ್ಲಿ ಒಂದು ಸಾಲು ಜಾಸ್ತಿ ಬರೆಯಬೇಕಾಗುತ್ತದೆ.

ಆ ಒಂದು ಸಾಲನ್ನೇ ನಾನು ಕೇಳುತ್ತಿರುವುದು. ದೂರ ಬರೆದಾಗ 'ನೇರ ದೂರ' ಅಂತ ಬರೆಯಿರಿ. ಆ ಎರಡು ಊರುಗಳ ನಡುವೆ ಇವತ್ತು ನೇರ ವಿಮಾನ ಇದೆಯೋ ಇಲ್ಲವೋ ಹೇಳಿ. ಇದ್ದರೆ ವೇಳಾಪಟ್ಟಿಯ ಸಮಯ, ಹೋಗೋದಕ್ಕೆ ಎಷ್ಟು, ಬರೋದಕ್ಕೆ ಎಷ್ಟು. ಇಲ್ಲದಿದ್ದರೆ ಎಲ್ಲಿ ಇಳಿದು ಹತ್ತಬೇಕು, ಕಾಯುವುದೂ ಸೇರಿ ಕಡಿಮೆ ಅಂದರೂ ಎಷ್ಟು ಗಂಟೆ. ಇದನ್ನು ಹುಡುಕೋಕೆ ನಿಮ್ಮ ವರದಿಗಾರರಿಗೆ ಹತ್ತು ನಿಮಿಷ ಸಾಕು. ಟಿಕೆಟ್ ಮಾಡುವ ಯಾವ ಜಾಲತಾಣದಲ್ಲಾದರೂ ಊರುಗಳ ಹೆಸರು ಹಾಕಿದರೆ ಬರುತ್ತದೆ. ಜಾಗ ಇಲ್ಲ ಅಂದರೆ ಕಿಲೋಮೀಟರ್ ಬಿಟ್ಟುಬಿಡಿ, ಪರವಾಗಿಲ್ಲ. 870 ಅಂತ ತಿಳಿದು ನಮ್ಮ ಅಪ್ಪ ಏನೂ ಮಾಡುವುದಿರಲಿಲ್ಲ. ಅವರು ಗೆರೆ ಎಳೆದದ್ದು ಗಂಟೆಯ ಕೆಳಗೆ.

ಟಿಕೆಟ್ ಮಾಡುವ ಮುಂಚೆ ಮಾತು ಕೊಟ್ಟದ್ದು ನನ್ನ ತಪ್ಪು, ಅದನ್ನು ಯಾರ ಮೇಲೂ ಹಾಕಲ್ಲ. ಆದರೆ ಪತ್ರಿಕೆಯಲ್ಲಿ ಅಚ್ಚಾದ ಸಂಖ್ಯೆಗೆ ಹಿರಿಯರು ಕೊಡುವ ಬೆಲೆ ನಿಮಗೂ ಗೊತ್ತಿದೆ. ಆ ಸಂಜೆ ನಾನು ಒಳಗೆ ಹೋದಾಗ ಅಪ್ಪ ಒಂದು ಕಣ್ಣಿಗೆ ಹತ್ತಿ ಕಟ್ಟಿಸಿಕೊಂಡು ಗೋಡೆಗೆ ಒರಗಿ ಕೂತಿದ್ದರು. ಪಕ್ಕದ ಮನೆಯವರು ಜೊತೆಗೆ ಹೋಗಿ ಎಲ್ಲ ನೋಡಿಕೊಂಡಿದ್ದರು. "ಬಂದ್ಯಾ ಮಗಾ, ಹನ್ನೊಂದೂವರೆ ತನಕ ಬಾಗಿಲ ಹತ್ತಿರಾನೇ ಕೂತಿದ್ದೆ, ಪೇಪರ್‌ನಲ್ಲಿ ಒಂದೂವರೆ ಗಂಟೆ ಅಂತ ಇತ್ತಲ್ಲ" ಅಂದರು. ಆ ಕತ್ತರಿಸಿದ ಚೌಕಟ್ಟು ಇನ್ನೂ ಅವರ ಕನ್ನಡಕದ ಡಬ್ಬಿಯಲ್ಲೇ ಇದೆ. ಈಗ ಅದರ ಅಂಚಿನಲ್ಲಿ ಪೆನ್ನಿನಿಂದ '10 ಗಂಟೆ 55 ನಿಮಿಷ' ಅಂತ ಅವರೇ ಬರೆದಿದ್ದಾರೆ.

ಇಂತಿ,
ನಿಮ್ಮ ಓದುಗ